ಐದು ಸಾವಿರ, ಹನ್ನೆರಡು ಜೋಡಿ ಬಟ್ಟೆ ಮತ್ತು ಒಂದು ಜೇಬು

ತಂಗಿಗೆ ಕೆಲಸ ಸಿಕ್ಕಿತು. ಚಿತ್ರದುರ್ಗದಲ್ಲಿ ಒಂದು ಖಾಸಗಿ ಕಚೇರಿ, ವಾರಕ್ಕೆ ಆರು ದಿನ. ಸೋಮವಾರದ ವೇಳೆಗೆ ಬನ್ನಿ ಅಂತ ಫೋನ್ ಬಂತು. ಮನೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ಅವಳು ಮಾತ್ರ ಬೀರು ಬಾಗಿಲು ತೆಗೆದುಕೊಂಡು ಸುಮ್ಮನೆ ನಿಂತಿದ್ದಳು.

"ಅಕ್ಕಾ, ಹಾಕ್ಕೊಂಡು ಹೋಗೋಕೆ ಬಟ್ಟೆನೇ ಇಲ್ಲ ಕಣೇ."

ಬೀರು ತುಂಬ ಬಟ್ಟೆ ಇತ್ತು. ಚಿಕ್ಕಪ್ಪನ ಮಗನ ಮದುವೆಗೆ ಹೊಲಿಸಿದ ಲಂಗ-ದಾವಣಿ, ತೇರಿಗೆ ತೆಗೆದ ಮಿಂಚಿನ ಚೂಡಿದಾರ್, ಕಾಲೇಜು ಡೇಗೆ ಕೊಂಡು ಒಂದೇ ಸಲ ಹಾಕಿದ ಉದ್ದನೆಯ ಗೌನು, ಮನೇಲಿ ಹಾಕಿ ಹಾಕಿ ಬಣ್ಣ ಹೋದ ಟೀ ಶರ್ಟುಗಳು. ಹಬ್ಬಕ್ಕೆ ಒಂದು ರಾಶಿ, ಮನೆಗೆ ಒಂದು ರಾಶಿ. ಸೋಮವಾರ ಬೆಳಿಗ್ಗೆ ಬಸ್ ಹತ್ತಿ, ಸಂಜೆವರೆಗೆ ಕುರ್ಚಿಯಲ್ಲಿ ಕೂತು, ಮತ್ತೆ ಬಸ್ಸಲ್ಲಿ ನಿಂತು ಊರಿಗೆ ಬರೋ ಬಟ್ಟೆ ನಿಜಕ್ಕೂ ಇರಲಿಲ್ಲ. ಅವಳು ಹೇಳಿದ್ದು ಸುಳ್ಳೇನಲ್ಲ.

ಮೊದಲ ಸಂಬಳ ಕೈಗೆ ಬರೋದು ಮುಂದಿನ ತಿಂಗಳ ಹತ್ತನೇ ತಾರೀಕು. ಅಮ್ಮ ಅಡುಗೆಮನೆ ಡಬ್ಬಿಯಿಂದ ಐದು ಸಾವಿರ ತೆಗೆದುಕೊಟ್ಟರು. ಡೇರಿಯಿಂದ ಬಂದ ಹಾಲಿನ ದುಡ್ಡು, ಹಿಂಡಿ-ಬೂಸಾ ಅಂಗಡಿಯ ಬಾಕಿಗೆ ಅಂತ ಎತ್ತಿಟ್ಟಿದ್ದು. "ಅಂಗಡಿಯವನಿಗೆ ಹೇಳ್ತೀನಿ, ಒಂದು ತಿಂಗಳು ತಡೀತಾನೆ" ಅಂದರು. ಅಂದರೆ ಆ ದುಡ್ಡು ಪೋಲಾಗೋ ಹಾಗಿಲ್ಲ, ಮತ್ತೊಮ್ಮೆ ಕೇಳೋ ಹಾಗೂ ಇಲ್ಲ.

ನನಗೆ ಭಯ ಇದ್ದದ್ದು ಬೇರೆ ಕಾರಣಕ್ಕೆ. ನಾಲ್ಕು ವರ್ಷದ ಹಿಂದೆ ನಾನು ಬೆಂಗಳೂರಿಗೆ ಕೆಲಸಕ್ಕೆ ಹೋದಾಗ ಇದೇ ಬೀರು ಮುಂದೆ ಹೀಗೇ ನಿಂತಿದ್ದೆ. ಆಮೇಲೆ ಫೋನ್ ತೆಗೆದು, 'ಈಗ ಕೊಳ್ಳಿ, ಆಮೇಲೆ ಕೊಡಿ' ಅನ್ನೋ ಒಂದು ಆ್ಯಪ್‌ನಲ್ಲಿ ಒಂದೇ ರಾತ್ರಿ 11,400 ರೂಪಾಯಿ ಬಟ್ಟೆ ತರಿಸಿದೆ. ಆರು ಕಂತು. ಮೂರನೇ ಕಂತು ನಾಲ್ಕು ದಿನ ತಡವಾಗಿದ್ದಕ್ಕೆ ದಂಡ ಬೇರೆ. ಕಂತು ಮುಗಿಯೋ ಮೊದಲೇ ರೇಯಾನ್ ಕುರ್ತಾಗಳು ಕುಗ್ಗಿ ಮೊಣಕಾಲಿನ ಮೇಲೆ ಏರಿದ್ದವು. ಹದಿನಾಲ್ಕು ಬಟ್ಟೆಯಲ್ಲಿ ನಾನು ನಿಜವಾಗಿ ಹಾಕಿದ್ದು ಎರಡನ್ನು. ಅವೆರಡೂ ನಮ್ಮೂರ ಟೈಲರ್ ಹೊಲಿದ ಹಳೇ ಕುರ್ತಾದ ಅಳತೆಗೆ ಹತ್ತಿರ ಇದ್ದವು, ಅಷ್ಟೇ.

ಹಾಗಾಗಿ ಈ ಸಲ ಫೋನ್ ಪಕ್ಕಕ್ಕಿಟ್ಟು, ನಾವಿಬ್ಬರೂ ಪೆನ್ನು-ನೋಟ್‌ಬುಕ್ ಹಿಡಿದು ಕೂತೆವು. ಹೊರಕೆರೆದೇವಪುರದ ಒಂದು ಮನೆಯ ಲೆಕ್ಕ ಇದು. ನಿಮ್ಮೂರು ಯಾವುದೇ ಇರಲಿ, ಬೆಲೆ ಸ್ವಲ್ಪ ಆಚೀಚೆ ಆದೀತು, ಲೆಕ್ಕ ಮಾತ್ರ ಹೊಂದುತ್ತೆ.

ಮೊದಲು ದಾರಿ ನೋಡಿ

ಕಚೇರಿಗೆ ಏನು ಹಾಕಬೇಕು ಅಂತ ಎಲ್ಲರೂ ಯೋಚಿಸ್ತಾರೆ. ಕಚೇರಿಗೆ ಹೋಗೋ ದಾರಿಗೆ ಏನು ಹಾಕಬೇಕು ಅಂತ ಯೋಚಿಸೋರು ಕಡಿಮೆ. ಎಚ್.ಡಿ.ಪುರ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯಿಂದ ದಿನಾ ದುರ್ಗಕ್ಕೋ ದಾವಣಗೆರೆಗೋ ಓಡಾಡೋರಿಗೆ ದಾರಿಯೇ ದೊಡ್ಡ ಪರೀಕ್ಷೆ.

ನಮ್ಮದು ಬಯಲುಸೀಮೆ. ಮಳೆ ಕಡಿಮೆ, ಬಿಸಿಲು ಜಾಸ್ತಿ, ಗಾಳಿ ಅದಕ್ಕಿಂತ ಜಾಸ್ತಿ. ದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಆ ಗಾಳಿಯ ಜೊತೆ ಕೆಂಪು ಮಣ್ಣಿನ ಧೂಳು ಬರುತ್ತೆ. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಬಿಳಿ ಅಂಗಿ ಇಳಿಯೋ ಹೊತ್ತಿಗೆ ತಿಳಿ ಕೇಸರಿ. ಮಾರ್ಚ್‌ನಿಂದ ಮೇವರೆಗೆ ಬೆನ್ನೆಲ್ಲ ಬೆವರು. ಡಿಸೆಂಬರ್ ಬೆಳಗಿನ ಬಸ್ಸಲ್ಲಿ ಅದೇ ಕಿಟಕಿಯಿಂದ ಚಳಿಗಾಳಿ.

ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬಟ್ಟೆ ಹೆಸರಲ್ಲ, ಐದು ಪ್ರಶ್ನೆ ಬರೆದೆವು. ದಿನಕ್ಕೆ ಎಷ್ಟು ಹೊತ್ತು ಬಸ್ಸು? ನಿಲ್ಲೋದೋ ಕೂರೋದೋ? ಬಸ್‌ಸ್ಟ್ಯಾಂಡಿನಿಂದ ನಡೆಯೋದು ಎಷ್ಟು? ಕಚೇರಿಯಲ್ಲಿ ಫ್ಯಾನೋ ಏಸಿಯೋ? ಒಗೆದು ಒಣಗಿಸೋಕೆ ವಾರದಲ್ಲಿ ಯಾವ ದಿನ ಸಿಗುತ್ತೆ? ಈ ಐದಕ್ಕೆ ಉತ್ತರ ಬರೆದ ಕೂಡಲೇ ಅರ್ಧ ಆಯ್ಕೆ ತಾನೇ ಆಗಿಹೋಯಿತು. ನೆಲ ಮುಟ್ಟೋ ಪಲಾಝೋ ಬೇಡ, ಬಸ್ಸಿನ ಮೆಟ್ಟಿಲಿಗೆ ಸಿಕ್ಕುತ್ತೆ. ಅಚ್ಚ ಬಿಳಿ ಬೇಡ. ಜಾರೋ ಶಿಫಾನ್ ದುಪಟ್ಟಾ ಬೇಡ. ಹೀಲ್ಸ್ ಅಂತೂ ಬೇಡವೇ ಬೇಡ.

ಗಾಡಿಯಲ್ಲಿ ಹೋಗೋರಿಗೆ ಒಂದು ಮಾತು. ದುಪಟ್ಟಾ, ಸೆರಗು, ಉದ್ದನೆ ಕುರ್ತಾದ ಅಂಚು ಇವು ಚಕ್ರಕ್ಕೆ ಸಿಕ್ಕಿದರೆ ಜೀವಕ್ಕೇ ಕುತ್ತು. ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್ ಇರಬೇಕು, ದುಪಟ್ಟಾ ಎರಡೂ ತುದಿ ಹಿಂದೆ ಗಂಟು ಹಾಕಿರಬೇಕು. ಚೆಂದ ಕಾಣೋದು ಇಳಿದ ಮೇಲೆ ನೋಡಿಕೊಂಡರಾಯ್ತು.

ಬೀರು ಖಾಲಿ ಮಾಡಿ

ಇರೋ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದು ಮೂರು ಗುಂಪು ಮಾಡಿದೆವು. ಹಾಗೇ ಹಾಕಬಹುದಾದ್ದು, ಟೈಲರ್ ಕೈಗೆ ಕೊಟ್ಟರೆ ಹಾಕಬಹುದಾದ್ದು, ಇನ್ನು ಹಾಕಲಾಗದ್ದು.

ಮೊದಲ ಗುಂಪಿನಲ್ಲಿ ಒಂದು ಕಪ್ಪು ಲೆಗಿಂಗ್ಸ್ ಸಿಕ್ಕಿತು. ಎರಡನೆಯದರಲ್ಲಿ ಕಾಲೇಜಿನ ಎರಡು ಕುರ್ತಾ, ಒಂದು ಬೂದು, ಒಂದು ಹಸಿರು. ಬಟ್ಟೆ ಗಟ್ಟಿ ಇತ್ತು, ಸೊಂಟದಲ್ಲಿ ದೊಗಳೆ ಇತ್ತು. ಒಳಗೆ ಹೊಲಿಗೆ ಹಿಡಿಸಿದರೆ ಸಾಕು. ಮೂರನೇ ಗುಂಪು ದೊಡ್ಡದಾಗೇ ಇತ್ತು. ಅದರಲ್ಲಿ ಹಳೇ ಕಾಟನ್ ಬಟ್ಟೆಯನ್ನು ಅಮ್ಮ ಒರೆಸೋಕೆ ಅಂತ ಆಗಲೇ ಎತ್ತಿಟ್ಟುಕೊಂಡರು.

ಈ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಉಳಿದದ್ದು ಕಡಿಮೆ ಅಂದರೂ ಸಾವಿರದ ಮೇಲೆ. ಅಂಗಡಿಗೆ ಹೋಗೋ ಮೊದಲು ಇದನ್ನು ಮಾಡದೆ ಇರೋದೇ ನಮ್ಮಲ್ಲಿ ಹೆಚ್ಚಿನವರ ತಪ್ಪು. ಮನೆಯಲ್ಲಿ ಇರೋ ನೀಲಿ ಕುರ್ತಾ ಮರೆತು ಇನ್ನೊಂದು ನೀಲಿ ಕುರ್ತಾ ತರ್ತೀವಿ.

ಮೇಲೆ ಐದು, ಕೆಳಗೆ ಮೂರು

ಇದು ಒಂದನೇ ಕ್ಲಾಸಿನ ಮಗ್ಗಿ. ಮೇಲೆ ಹಾಕೋದು ಐದು, ಕೆಳಗೆ ಹಾಕೋದು ಮೂರು ಇದ್ದರೆ ಹದಿನೈದು ಜೋಡಿ. ಆದರೆ ಅದಕ್ಕೆ ಒಂದು ಷರತ್ತಿದೆ. ಕೆಳಗಿನ ಮೂರೂ ಮೇಲಿನ ಎಲ್ಲಕ್ಕೂ ಹೊಂದಬೇಕು. ಸೆಟ್ ಆಗಿ ಬರೋ ಚೂಡಿದಾರ್‌ನಲ್ಲಿ ಇದು ಸಾಧ್ಯವಿಲ್ಲ. ಮೂರು ಸೆಟ್ ತಂದರೆ ಮೂರೇ ಜೋಡಿ. ಪ್ಯಾಂಟ್ ಹರಿದರೆ ಟಾಪ್ ಕೂಡ ಮೂಲೆಗೆ.

ಕೆಳಗಿನದಕ್ಕೆ ಸಾದಾ ಬಣ್ಣ ತೆಗೆದುಕೊಳ್ಳಿ. ನೇವಿ ನೀಲಿ, ಬಿಸ್ಕತ್ ಬಣ್ಣ, ಬೂದು, ಕಪ್ಪು ಇದರಲ್ಲಿ ಎರಡೋ ಮೂರೋ. ಹೂವು, ಗೆರೆ, ಅಚ್ಚು ಎಲ್ಲ ಮೇಲಿರಲಿ. ನಮ್ಮ ಕಡೆ ಧೂಳಿಗೆ ಬಿಸ್ಕತ್, ಇಟ್ಟಿಗೆ ಬಣ್ಣ, ಕಂದು, ಬೂದು ಒಳ್ಳೇದು. ಅಚ್ಚ ಬಿಳಿ, ಅಚ್ಚ ಕಪ್ಪು ಎರಡರಲ್ಲೂ ಕೆಂಪು ಧೂಳು ಎದ್ದು ಕಾಣುತ್ತೆ. ಬೆವರಿನ ಕಲೆ ತಿಳಿ ಬೂದು, ತಿಳಿ ನೀಲಿ ಸಾದಾ ಬಟ್ಟೆಯಲ್ಲಿ ಬೇಗ ಕಾಣುತ್ತೆ, ಸಣ್ಣ ಅಚ್ಚಿದ್ದರೆ ಮುಚ್ಚಿಹೋಗುತ್ತೆ.

ತಂಗಿಯ ಹದಿನೈದು ಜೋಡಿಯಲ್ಲಿ ಮೂರು ಕಣ್ಣಿಗೆ ಹಿಡಿಸಲಿಲ್ಲ. ಹನ್ನೆರಡು ಉಳಿದವು. ವಾರಕ್ಕೆ ಆರು ದಿನ ಕೆಲಸ ಅಂದರೆ ಎರಡು ವಾರ ಒಂದೇ ಜೋಡಿ ಮರುಕಳಿಸೋದಿಲ್ಲ. "ಇವಳು ದಿನಾ ಹೊಸಾದು ಹಾಕ್ತಾಳೆ" ಅಂತ ಕಚೇರಿಯಲ್ಲಿ ಯಾರೋ ಅಂದರಂತೆ. ನಗು ಬಂತು.

ಮುಟ್ಟಿ ನೋಡಿ, ಒದ್ದೆ ಮಾಡಿ ನೋಡಿ

ಲೇಬಲ್ಲಿನಲ್ಲಿ 'ಕಾಟನ್ ಬ್ಲೆಂಡ್' ಅಂತ ಇದ್ದರೆ ಕಾಟನ್ ಎಷ್ಟು ಪಾಲು ಅಂತ ಕೇಳಿ. ಶೇ 60 ಕಾಟನ್‌ಗೂ ಶೇ 20 ಕಾಟನ್‌ಗೂ ಬಹಳ ವ್ಯತ್ಯಾಸ.

ಅಪ್ಪಟ ಹತ್ತಿ ಬೆವರು ಹೀರುತ್ತೆ, ಮೈಗೆ ತಂಪು. ಆದರೆ ಸುಕ್ಕಾಗುತ್ತೆ, ಒಣಗೋದು ನಿಧಾನ. ಪಾಲಿಯೆಸ್ಟರ್ ಬೇಗ ಒಣಗುತ್ತೆ, ಇಸ್ತ್ರಿ ಕೇಳೋದಿಲ್ಲ. ಆದರೆ ಏಪ್ರಿಲ್ ಬಸ್ಸಲ್ಲಿ ಮೈಗೆ ಅಂಟಿ ವಾಸನೆ ಹಿಡಿಯುತ್ತೆ. ದಿನಾ ಓಡಾಡೋರಿಗೆ ಹತ್ತಿ ಹೆಚ್ಚಿರೋ ಮಿಶ್ರ ಬಟ್ಟೆ ಎರಡಕ್ಕೂ ಮಧ್ಯದ ದಾರಿ. ರೇಯಾನ್ ಅಂದರೆ ವಿಸ್ಕೋಸ್. ಕೈಗೆ ಮೆತ್ತಗೆ, ನೋಡೋಕೆ ಚೆಂದ, ಬೆಲೆ ಕಡಿಮೆ. ಆದರೆ ಒದ್ದೆಯಾದಾಗ ಅದರ ನೂಲು ಬಲ ಕಳೆದುಕೊಳ್ಳುತ್ತೆ. ಕಲ್ಲಿಗೆ ಕುಕ್ಕಿ ಒಗೆದರೆ, ಜೋರಾಗಿ ಹಿಂಡಿದರೆ ಬಾಳಿಕೆ ಬರೋದಿಲ್ಲ, ಕುಗ್ಗೋದೂ ಜಾಸ್ತಿ. ನನ್ನ ಮೊಣಕಾಲಿನ ಮೇಲಿನ ಕುರ್ತಾಗಳ ಕಥೆ ಇದೇ.

ಅಂಗಡಿಯಲ್ಲೇ ಮಾಡಬಹುದಾದ ನಾಲ್ಕು ಪರೀಕ್ಷೆ:

ಬಟ್ಟೆಯನ್ನು ಮುಷ್ಟಿಯಲ್ಲಿ ಹತ್ತು ಎಣಿಸೋವರೆಗೆ ಹಿಡಿದು ಬಿಡಿ. ಗಟ್ಟಿ ಸುಕ್ಕು ಉಳಿದರೆ ಬಸ್ಸಿನಿಂದ ಇಳಿದಾಗಲೂ ಹಾಗೇ ಕಾಣುತ್ತೆ.

ಬೆಳಕಿಗೆ ಹಿಡಿದು ನೋಡಿ. ಆಚೆ ಬದಿಯ ಬೆರಳು ಸ್ಪಷ್ಟವಾಗಿ ಕಂಡರೆ ಒಳಗೆ ಇನ್ನೊಂದು ಬಟ್ಟೆ ಬೇಕು, ಅದರ ಖರ್ಚೂ ಸೇರಿಸಿಕೊಳ್ಳಿ.

ಬಿಳಿ ಕರ್ಚೀಫಿನ ತುದಿ ಒದ್ದೆ ಮಾಡಿ ಒಳಗಿನ ಅಂಚಿಗೆ ಉಜ್ಜಿ. ಬಣ್ಣ ಹತ್ತಿದರೆ ಮೊದಲ ಒಗೆತದಲ್ಲೇ ಜೊತೆಗಿನ ಬಟ್ಟೆಯೂ ಹಾಳು.

ಹೊಲಿಗೆಯ ಎರಡೂ ಪಕ್ಕ ಹಿಡಿದು ಮೆಲ್ಲಗೆ ಎಳೆಯಿರಿ. ನೂಲು ಬಿಟ್ಟು ಕಂಡರೆ ಬೇಡ. ಒಳಗೆ ಅರ್ಧ ಇಂಚಾದರೂ ಬಟ್ಟೆ ಬಿಟ್ಟಿದ್ದರೆ ಮುಂದೆ ದಪ್ಪ ಆದರೂ ಬಿಚ್ಚಿ ಹೊಲಿಸಬಹುದು.

ಮನೆಯಲ್ಲಿ ಇನ್ನೊಂದು ಪರೀಕ್ಷೆ ಮಾಡಬಹುದು. ಒಳಗಿನ ಅಂಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯಿರಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ, ಪುಡಿ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತೆ. ಉಣ್ಣೆ, ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ.

ಟೈಲರ್ ಅಣ್ಣನ ಹತ್ತಿರ

ರೆಡಿಮೇಡಾ, ಹೊಲಿಸೋದಾ? ಎರಡೂ. ರೆಡಿಮೇಡ್ ಮೈಗೆ ಸರಿಯಾಗಿ ಕೂತರೆ ತಗೊಳ್ಳಿ. ಭುಜ ಸರಿ ಇಲ್ಲದಿದ್ದರೆ ಮಾತ್ರ ಬಿಟ್ಟುಬಿಡಿ. ಸೊಂಟ, ಉದ್ದ, ತೋಳು ಇವನ್ನು ಟೈಲರ್ ಸರಿ ಮಾಡಬಹುದು, ಭುಜ ಸರಿ ಮಾಡೋದು ಕಷ್ಟ.

ಪ್ಯಾಂಟನ್ನು ಹೊಲಿಸೋದೇ ಲೇಸು ಅನ್ನೋದು ನಮ್ಮ ಅನುಭವ. 44 ಇಂಚು ಪನ್ನದ ಬಟ್ಟೆಯಾದರೆ ಮೊಣಕಾಲಿನವರೆಗಿನ ಕುರ್ತಾಕ್ಕೆ ಸುಮಾರು ಎರಡೂವರೆ ಮೀಟರ್, ನೇರ ಪ್ಯಾಂಟಿಗೆ ಎರಡು ಮೀಟರ್ ಸಾಕು. ಎತ್ತರ ಜಾಸ್ತಿ ಇದ್ದರೆ ಕಾಲು ಮೀಟರ್ ಹೆಚ್ಚು. ಕಾಟನ್ ಬಟ್ಟೆಯನ್ನು ಹೊಲಿಗೆಗೆ ಕೊಡೋ ಮೊದಲು ಒಂದು ರಾತ್ರಿ ತಣ್ಣೀರಲ್ಲಿ ನೆನೆಸಿ ಒಣಗಿಸಿಯೇ ಕೊಡಬೇಕು. ಕುಗ್ಗೋದೆಲ್ಲ ಮೊದಲೇ ಕುಗ್ಗಲಿ.

ಅಳತೆಗೆ ಒಳ್ಳೆ ಉಪಾಯ, ನಿಮಗೆ ಸರಿಯಾಗಿ ಕೂತಿರೋ ಹಳೇ ಕುರ್ತಾ ಒಯ್ಯೋದು. ಆನ್‌ಲೈನಲ್ಲಿ ತರಿಸೋರೂ ಅದನ್ನೇ ನೆಲದ ಮೇಲೆ ಹರವಿ ಎದೆ, ಸೊಂಟ, ಉದ್ದ ಟೇಪಿನಿಂದ ಅಳೆದು ಸೈಜ್ ಚಾರ್ಟ್ ಜೊತೆ ಹೋಲಿಸಿ. ಒಂದು ಕಂಪನಿಯ 'ಎಂ' ಇನ್ನೊಂದರ 'ಎಲ್' ಆಗಿರುತ್ತೆ, ಅಕ್ಷರ ನಂಬಬೇಡಿ.

ನಮ್ಮ ಟೈಲರ್ ಅಣ್ಣ ಅಳತೆ ಬರೆದುಕೊಂಡು, "ಮತ್ತೇನಮ್ಮಾ?" ಅಂದರು.

"ಅಣ್ಣಾ, ಎಲ್ಲದಕ್ಕೂ ಜೇಬು ಇಡಿ" ಅಂದಳು ತಂಗಿ.

ಜೇಬಿನ ವಿಷಯ ಸಣ್ಣದಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಐಷಾರಾಮಿ ಬಸ್ಸಿಗೆ, ಖಾಸಗಿ ಬಸ್ಸಿಗೆ ಅದು ಅನ್ವಯಿಸೋದಿಲ್ಲ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳೂ ಸಾಕಷ್ಟು ಓಡಾಡ್ತವೆ. ಹಾಗಾಗಿ ಗುರುತಿನ ಚೀಟಿಯೂ ಕೈಗೆ ಸಿಗೋ ಹಾಗಿರಬೇಕು, ಚಿಲ್ಲರೆಯೂ ಇರಬೇಕು. ಒಂದು ಕೈ ಕಂಬಿಗೆ, ಇನ್ನೊಂದು ಕೈ ಊಟದ ಬ್ಯಾಗಿಗೆ. ಆ ರಶ್ಶಲ್ಲಿ ಬ್ಯಾಗಿನ ಜಿಪ್ಪು ತೆಗೆದು ಕಾರ್ಡು ಹುಡುಕಿದವರಿಗೇ ಗೊತ್ತು ಕಷ್ಟ. ಕುರ್ತಾದ ಪಕ್ಕದ ಹೊಲಿಗೆಯಲ್ಲಿ, ಫೋನ್ ಪೂರ್ತಿ ಇಳಿಯೋ ಆಳದ ಜೇಬು ಇಡಿಸಿ. ರೆಡಿಮೇಡ್ ಕುರ್ತಾಕ್ಕೂ ಇಡಿಸಬಹುದು. ನಮಗೆ ಒಂದಕ್ಕೆ ಮೂವತ್ತು ರೂಪಾಯಿ ಬಿತ್ತು.

ನೋಟ್‌ಬುಕ್ಕಿನ ಪಟ್ಟಿ

ನಾವು ಖರ್ಚು ಮಾಡಿದ್ದು ಹೀಗೆ:

ಎರಡು ಪ್ಯಾಂಟ್, ನೇವಿ ಮತ್ತು ಬಿಸ್ಕತ್ ಬಣ್ಣ (ಬಟ್ಟೆ 300, ಹೊಲಿಗೆ 250): 1,100 ರೂ.

ಎರಡು ಹೊಲಿಸಿದ ಕುರ್ತಾ (ಬಟ್ಟೆ 350, ಹೊಲಿಗೆ 250): 1,200 ರೂ.

ಒಂದು ರೆಡಿಮೇಡ್ ಕಾಟನ್ ಕುರ್ತಾ: 450 ರೂ.

ಹಳೇ ಕುರ್ತಾ ಎರಡು ಸರಿಮಾಡಿಸಿದ್ದು: 160 ರೂ.

ಐದು ಕುರ್ತಾಕ್ಕೂ ಜೇಬು: 150 ರೂ.

ಕೈಮಗ್ಗದ ಕಾಟನ್ ದುಪಟ್ಟಾ ಒಂದು: 350 ರೂ.

ಹಿಂದೆ ಪಟ್ಟಿ ಇರೋ ಚಪ್ಪಲಿ: 700 ರೂ.

ಒಳ ಉಡುಪು: 400 ರೂ.

ಒಟ್ಟು 4,510 ರೂ. ಉಳಿದದ್ದು 490.

ಪಟ್ಟಿಯಲ್ಲಿ ಚಪ್ಪಲಿಗೆ ಒಂದು ಕುರ್ತಾಕ್ಕಿಂತ ಜಾಸ್ತಿ ದುಡ್ಡು ಹೋಗಿರೋದು ಗಮನಿಸಿ. ಬೇಕಂತಲೇ ಮಾಡಿದ್ದು. ಕುರ್ತಾ ವಾರಕ್ಕೊಮ್ಮೆ ಹಾಕ್ತೀರಿ, ಚಪ್ಪಲಿ ದಿನಾ. 700 ರೂಪಾಯಿ ಚಪ್ಪಲಿ 200 ದಿನ ಬಂದರೆ ದಿನಕ್ಕೆ ಮೂರೂವರೆ ರೂಪಾಯಿ. 1,500 ಕೊಟ್ಟು ತಂದು ಮೂರೇ ಸಲ ಹಾಕೋ ಮಿಂಚಿನ ಡ್ರೆಸ್ಸಿಗೆ ಸಲಕ್ಕೆ 500. ಕೊಳ್ಳೋ ಮೊದಲು ಬೆಲೆಯನ್ನು ಎಷ್ಟು ಸಲ ಹಾಕ್ತೀನಿ ಅನ್ನೋದರಿಂದ ಭಾಗಿಸಿ ನೋಡಿ. 'ಶೇ 70 ರಿಯಾಯಿತಿ' ಅನ್ನೋದರ ಬಣ್ಣ ಅಲ್ಲೇ ಬಯಲಾಗುತ್ತೆ.

ಹುಡುಗರಿಗೂ ಇದೇ ಲೆಕ್ಕ

ಪಕ್ಕದ ಮನೆ ತಮ್ಮ ದಾವಣಗೆರೆಯಲ್ಲಿ ಕೆಲಸ ಮಾಡ್ತಾನೆ. ಅವನ ಹತ್ತಿರ ಒಂಬತ್ತು ಜೀನ್ಸ್ ಇವೆ, ಕ್ಲೈಂಟ್ ಬಂದ ದಿನ ಹಾಕೋಕೆ ಒಂದೂ ಪ್ಯಾಂಟ್ ಇಲ್ಲ. ಹುಡುಗರಿಗೆ ಎರಡು ಪ್ಯಾಂಟ್, ನೇವಿ ಮತ್ತು ಬೂದು ಸಾಕು. ನಾಲ್ಕು ಶರ್ಟ್, ಒಂದು ಕಾಲರ್ ಟೀ ಶರ್ಟ್. ಹತ್ತು ಜೋಡಿ ಆಯ್ತು. ಬೆಲ್ಟು, ಶೂ ಒಂದೇ ಬಣ್ಣದ್ದಿರಲಿ.

58 ಇಂಚು ಪನ್ನದ ಬಟ್ಟೆಯಾದರೆ ತುಂಬುತೋಳಿನ ಶರ್ಟಿಗೆ 1.6 ಮೀಟರ್, ಪ್ಯಾಂಟಿಗೆ 1.2ರಿಂದ 1.3 ಮೀಟರ್. ಮದುವೆ ಮನೆಗಳಲ್ಲಿ ಉಡುಗೊರೆ ಬಂದ ಪ್ಯಾಂಟ್-ಶರ್ಟ್ ಪೀಸುಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ ಹಾಗೇ ಮಲಗಿವೆ. ಮೊದಲು ಅವನ್ನು ತೆಗೆದು ಅಳೆಯಿರಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯಲ್ಲಿ ಗಿರಣಿಗಳ ಆ ಕಾಲ ಮುಗಿದಿದ್ದರೂ ಬಟ್ಟೆ ವ್ಯಾಪಾರ ಇನ್ನೂ ಜೋರೇ ಇದೆ. ಅಲ್ಲಿಗೆ ಹೋದಾಗ ಮೀಟರ್ ಲೆಕ್ಕದಲ್ಲಿ ಮಾರೋ ಅಂಗಡಿಗಳನ್ನೂ ಒಮ್ಮೆ ಹೊಕ್ಕು ನೋಡಿ.

ಬ್ಯಾಗು ಕಟ್ಟುವಾಗ

ಊರಿನವರ ಓದು, ಇಂಟರ್‌ವ್ಯೂ, ಟ್ರೇನಿಂಗು ಎಲ್ಲ ಬೆಂಗಳೂರಲ್ಲೇ. ಹೊಳಲ್ಕೆರೆಯಿಂದಲೋ ಚಿಕ್ಕಜಾಜೂರಿನಿಂದಲೋ ಹೊಸದುರ್ಗ ರೋಡಿನಿಂದಲೋ ರೈಲು ಹತ್ತೋದು, ಇಲ್ಲಾ ರಾತ್ರಿ ಬಸ್ಸು. ಮೂರು ದಿನದ ಪಯಣಕ್ಕೆ ಐದು ಬ್ಯಾಗು ಬೇಡ.

ಮೈಮೇಲಿನದು ಬಿಟ್ಟು ಮೇಲೆ ಎರಡು, ಕೆಳಗೆ ಒಂದು ಸಾಕು. ದಪ್ಪದ್ದನ್ನು ಮೈಮೇಲೇ ಹಾಕಿಕೊಳ್ಳಿ, ತೆಳ್ಳಗಿನದು ಬ್ಯಾಗಿಗೆ. ಬಟ್ಟೆ ಮಡಚೋ ಬದಲು ಸುರುಳಿ ಸುತ್ತಿದರೆ ಜಾಗ ಉಳಿಯುತ್ತೆ. ಇಂಟರ್‌ವ್ಯೂಗೆ ಹಾಕೋ ಒಂದು ಜೋಡಿ ಮಾತ್ರ ಬೇರೆ ಕವರಿನಲ್ಲಿ, ಎಲ್ಲಕ್ಕಿಂತ ಮೇಲೆ. ಅದನ್ನು ಪ್ರಯಾಣದಲ್ಲಿ ಹಾಕಲೇಬೇಡಿ. ನಾನು ಮೊದಲ ಇಂಟರ್‌ವ್ಯೂಗೆ ರಾತ್ರಿಯೇ ಬಿಳಿ ಶರ್ಟ್ ಹಾಕಿಕೊಂಡು ಹೊರಟು, ಬೆಳಿಗ್ಗೆ ಸ್ಟೇಷನ್ನಿನಲ್ಲಿ ಕನ್ನಡಿ ನೋಡಿ ಅತ್ತಿದ್ದೇನೆ. ಬೆನ್ನ ಮೇಲೆ ಸೀಟಿನ ಧೂಳಿನ ಪಡಿಯಚ್ಚು. ಕೇಳಿದ ಪ್ರಶ್ನೆಗಳಿಗೆ ಉತ್ತರ ಗೊತ್ತಿತ್ತು, ಆದರೆ ಅಷ್ಟೂ ಹೊತ್ತು ನನ್ನ ಗಮನ ಬೆನ್ನು ಗೋಡೆ ಕಡೆ ಇರಲಿ ಅನ್ನೋದರಲ್ಲೇ ಇತ್ತು. ಆ ಕೆಲಸ ಸಿಗಲಿಲ್ಲ. ಶರ್ಟಿನಿಂದಲೇ ಸಿಗಲಿಲ್ಲ ಅಂತ ಹೇಳಲಾರೆ. ಆದರೆ ಆವತ್ತು ನಾನು ನಾನಾಗಿರಲಿಲ್ಲ.

ಸುಕ್ಕಾದ ಕುರ್ತಾವನ್ನು ಬಿಸಿನೀರು ಬಿಟ್ಟ ಬಚ್ಚಲಲ್ಲಿ ಹ್ಯಾಂಗರಿಗೆ ಹಾಕಿ ಹತ್ತು ನಿಮಿಷ ಬಿಟ್ಟರೆ ಹಬೆಗೆ ಅರ್ಧ ಸುಕ್ಕು ಹೋಗುತ್ತೆ. ಟರ್ಕಿ ಟವಲ್ ಬಿಟ್ಟು ತೆಳುವಾದ ಕಾಟನ್ ಟವಲ್ ಒಯ್ಯಿರಿ, ಬೇಗ ಒಣಗುತ್ತೆ. ಕೈಮಗ್ಗದ ದೊಡ್ಡ ದುಪಟ್ಟಾ ಒಂದಿದ್ದರೆ ಅದೇ ಬಿಸಿಲಿಗೆ ಮುಸುಕು, ಬಸ್ಸಿನ ಏಸಿಗೆ ಹೊದಿಕೆ, ತಲೆಗೆ ದಿಂಬು.

ಈ ಒಂದಕ್ಕೆ ಹತ್ತು ಉಪಯೋಗದ ಬುದ್ಧಿ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ನೆನಪು ಮಾಡಿಕೊಳ್ಳಿ. ಹುಣಸೆ ಬೀಜದ ಗಂಜಿ ಕೊಟ್ಟು ನೇಯ್ದ ಕಂಬಳಿ, ಕುರಿ ಕಾಯೋನಿಗೆ ಮಳೆ ಬಂದರೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಹೊದಿಕೆ, ಹೆಗಲ ಮೇಲೆ ಗಂಟುಮೂಟೆ. ಅವರಿಗಿಂತ ಚೆನ್ನಾಗಿ ಪಯಣದ ಬಟ್ಟೆ ಯೋಜನೆ ಮಾಡಿದವರು ಯಾರಿದ್ದಾರೆ?

ಧೂಳು, ಚೊಗರು, ಇಸ್ತ್ರಿ

ಕಡಿಮೆ ಬಟ್ಟೆ ಇದ್ದಾಗ ಒಗೆಯೋದೂ ಗೊತ್ತಿರಬೇಕು.

ಕೆಂಪು ಧೂಳು ಕೂತ ಬಟ್ಟೆಯನ್ನು ಕೂಡಲೇ ನೀರಿಗೆ ಹಾಕಬೇಡಿ. ಒಣಗಿದ್ದಾಗಲೇ ಜೋರಾಗಿ ಕೊಡವಿ, ಬ್ರಷ್ ಆಡಿಸಿ. ಆಮೇಲೆ ತಣ್ಣೀರು, ಸೋಪಿನ ಪುಡಿ. ಮಣ್ಣಿಗೆ ಕೆಂಪು ಬಂದಿರೋದು ಕಬ್ಬಿಣದ ಅಂಶದಿಂದ. ಅದಕ್ಕೇ ಬ್ಲೀಚ್ ಹಾಕಬೇಡಿ, ಕಲೆ ಇನ್ನೂ ಗಟ್ಟಿಯಾಗುತ್ತೆ. ತಿಳಿ ಬಣ್ಣದ ಬಟ್ಟೆಗೆ ನಿಂಬೆರಸ, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ತಕ್ಕಮಟ್ಟಿಗೆ ಹೋಗುತ್ತೆ. ಮೊದಲು ಒಳಗಿನ ಅಂಚಿನಲ್ಲಿ ಹಚ್ಚಿ ಬಣ್ಣ ಹೋಗೋದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಅಡಿಕೆ ಕೊಯ್ಲಿನ ಕಾಲದಲ್ಲಿ ಮನೆಗೆ ಬಂದು ಕಚೇರಿ ಬಟ್ಟೆಯಲ್ಲೇ ಬೇಯಿಸೋ ಹಂಡೆ ಹತ್ತಿರ ಹೋಗಬೇಡಿ. ಚೊಗರು ಹಿಡಿದರೆ ಬಿಡೋದಿಲ್ಲ. ಎಷ್ಟು ಗಟ್ಟಿ ಅಂದರೆ, ಸಾಗರ ತಾಲ್ಲೂಕಿನ ಹೆಗ್ಗೋಡು ಹತ್ತಿರದ ಭೀಮನಕೋಣೆಯಲ್ಲಿ 'ಚರಕ' ಸಂಸ್ಥೆಯ ಹೆಣ್ಣುಮಕ್ಕಳು ಇದೇ ಅಡಿಕೆ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ನಮ್ಮಲ್ಲಿ ಅಂಗಿ ಕೆಡಿಸೋ ಚೊಗರು ಅಲ್ಲಿ ಅಂಗಿಯ ಬಣ್ಣ.

ಬೆವರಿದ ಬಟ್ಟೆಯನ್ನು ಹಾಗೇ ಬುಟ್ಟಿಗೆ ಒಗೆಯಬೇಡಿ, ಗಾಳಿಗೆ ಹಾಕಿ. ತಿರುವಿ ಹಾಕಿ ನೆರಳಲ್ಲಿ ಒಣಗಿಸಿದರೆ ಬಣ್ಣ ಉಳಿಯುತ್ತೆ. ಲೇಬಲ್ಲಿನ ಇಸ್ತ್ರಿ ಪೆಟ್ಟಿಗೆ ಚಿತ್ರದಲ್ಲಿ ಒಂದು ಚುಕ್ಕೆ ಇದ್ದರೆ ಕಡಿಮೆ ಬಿಸಿ, ಎರಡು ಇದ್ದರೆ ಮಧ್ಯಮ, ಮೂರು ಇದ್ದರೆ ಜಾಸ್ತಿ. ತ್ರಿಕೋನಕ್ಕೆ ಅಡ್ಡಗೀಟು ಹಾಕಿದ್ದರೆ ಬ್ಲೀಚ್ ಬೇಡ ಅಂತ ಅರ್ಥ. ಬರಿಯ ವೃತ್ತ ಇದ್ದರೆ ಡ್ರೈಕ್ಲೀನ್, ಅಂಥದ್ದನ್ನು ದಿನಬಳಕೆಗೆ ಕೊಳ್ಳಲೇಬೇಡಿ.

ಯಾವಾಗ, ಎಲ್ಲಿ

ಖಾದಿ ಭಂಡಾರಗಳಲ್ಲಿ ಗಾಂಧಿ ಜಯಂತಿ ಸುತ್ತಮುತ್ತ ರಿಯಾಯಿತಿ ಇರುತ್ತೆ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ 'ಪ್ರಿಯದರ್ಶಿನಿ' ಮಳಿಗೆಗಳನ್ನೂ ನೋಡಿ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ, ಆ ಹೊತ್ತಿನಲ್ಲಿ ಮೇಳಗಳು ನಡೆಯೋದುಂಟು. ಖಾದಿ ಸುಕ್ಕಾಗುತ್ತೆ ನಿಜ, ಆದರೆ ನಮ್ಮ ಬಿಸಿಲಿಗೆ ಅದರಷ್ಟು ಹಿತ ಬೇರೆ ಇಲ್ಲ.

ತೆರಿಗೆಯ ಲೆಕ್ಕವೂ ಗೊತ್ತಿರಲಿ. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿಗೆ 2,500 ರೂಪಾಯಿವರೆಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಾದರೆ ಶೇ 18. ಅದಕ್ಕೂ ಮೊದಲು ಸಾವಿರ ದಾಟಿದರೇ ಶೇ 12 ಇತ್ತು. ಬಾಳಿಕೆ ಬರೋ 1,500 ರೂಪಾಯಿ ಪ್ಯಾಂಟಿಗೆ, 2,000 ರೂಪಾಯಿ ಶೂಗೆ ಈಗ ತೆರಿಗೆ ಕಡಿಮೆ. ಬಿಲ್ ತಗೊಳ್ಳೋದು ಮರೀಬೇಡಿ.

ಇನ್ನು ಹಬ್ಬದ ದಿನದ ಸೀರೆ, ನಮ್ಮ ಜಿಲ್ಲೆಯದೇ ಮೊಳಕಾಲ್ಮೂರು ರೇಷ್ಮೆ, ಭೌಗೋಳಿಕ ಸೂಚಕ ಮಾನ್ಯತೆ ಪಡೆದದ್ದು. ಅದರ ಲೆಕ್ಕ ಬೇರೆ, ಅದನ್ನು ದಿನದ ಖರ್ಚಿನ ಜೊತೆ ಸೇರಿಸಬೇಡಿ. ಮತ್ತೆ ಬಟ್ಟೆಗೆ ಸಾಲ ಮಾಡಬೇಡಿ. ನನ್ನಷ್ಟು ದಂಡ ಕಟ್ಟಿದವಳ ಮಾತು ಇದು.

ಹತ್ತನೇ ತಾರೀಕು

ಮೊದಲ ಸಂಬಳ ಬಂದ ದಿನ ತಂಗಿ ಐದು ಸಾವಿರ ತಂದು ಅಡುಗೆಮನೆ ಡಬ್ಬಿಗೆ ಹಾಕಿದಳು. ಉಳಿದಿದ್ದ 490 ರೂಪಾಯಿ ಆಗಲೇ ಹಿಂಡಿ ಅಂಗಡಿಗೆ ಹೋಗಿತ್ತು. ಅಮ್ಮ ದುಡ್ಡು ಎಣಿಸಲಿಲ್ಲ. ಅವಳ ಕುರ್ತಾದ ಪಕ್ಕ ಹಿಡಿದು, ಜೇಬಿನೊಳಗೆ ಕೈ ಹಾಕಿ ಆಳ ನೋಡಿದರು.

ಅಮ್ಮ ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕೋಕೆ ಹೋಗ್ತಾರೆ. ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಟಾರ್ಚು. ಪಾಸ್‌ಬುಕ್ಕು, ಚಿಲ್ಲರೆ ಎಲ್ಲ ಸೆರಗಿನ ಗಂಟಿನಲ್ಲಿ, ಇಲ್ಲಾ ಸೊಂಟದಲ್ಲಿ. ಇಪ್ಪತ್ತೈದು ವರ್ಷದಿಂದ ಹಾಗೇ. ಎಷ್ಟು ಸಲ ಬೀಳಿಸಿಕೊಂಡಿದ್ದಾರೋ ಲೆಕ್ಕ ಇಲ್ಲ. ನಾವಿಬ್ಬರು ಹೆಣ್ಣುಮಕ್ಕಳು ಜೇಬಿನ ಬಗ್ಗೆ ಅಷ್ಟು ಮಾತಾಡಿದೆವು, ಅಮ್ಮನಿಗೆ ಜೇಬಿಲ್ಲ ಅನ್ನೋದು ಇಬ್ಬರಿಗೂ ಹೊಳೆದಿರಲಿಲ್ಲ.

"ಲಂಗಕ್ಕೂ ಇಡ್ತಾನೇನೇ ಆ ಟೈಲರ್?" ಅಂತ ಅಮ್ಮ ಕೇಳಿದರು.

ಮಾರನೇ ದಿನ ಎರಡು ಲಂಗ ಒಯ್ದು ಕೊಟ್ಟೆ. ಟೈಲರ್ ಅಣ್ಣ ದುಡ್ಡು ತಗೊಳ್ಳಲಿಲ್ಲ.